ಮೊಲ: ಒಂದು ಸಾಕೇ, ಜೋಡಿ ಬೇಕೇ?

ಮಗಳು ನಾಲ್ಕನೇ ಕ್ಲಾಸಿಗೆ ಹೋಗುವ ವರ್ಷ, ಅಂದರೆ 2015ರ ಮೇ ತಿಂಗಳಲ್ಲಿ, ಜಾತ್ರೆಯಿಂದ ಎರಡು ಮೊಲದ ಮರಿ ತಂದೆ. ಬಿಳಿ ಮೈ, ಕೆಂಪು ಕಣ್ಣು, ಒಂದೂವರೆ ತಿಂಗಳಿನವು. ಜೋಡಿಗೆ 400 ರೂಪಾಯಿ. ನಾನು ಒಂದೇ ಸಾಕು ಅಂದಿದ್ದೆ. ಮಾರುವವನು ಬಿಡಲಿಲ್ಲ. "ಒಂದನ್ನೇ ಕೊಂಡುಹೋದ್ರೆ ಕೊರಗ್ತದೆ. ಎರಡೂ ಹೆಣ್ಣೇ, ಧೈರ್ಯದಲ್ಲಿ ತೆಕ್ಕೊಂಡು ಹೋಗಿ" ಅಂದ. ಅವನು ಹೇಳಿದ್ದರಲ್ಲಿ ಅರ್ಧ ಸುಳ್ಳು, ಅರ್ಧ ಸತ್ಯ. ಸುಳ್ಳು ಯಾವುದೆಂದು ಗೊತ್ತಾಗಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಸತ್ಯ ಗೊತ್ತಾಗಲು ಏಳು ವರ್ಷ.

ನಮ್ಮದು ಸುಳ್ಯ ಕಡೆಯ ಎರಡೂವರೆ ಎಕ್ರೆ ಅಡಿಕೆ ತೋಟ. ಮನೆಯಲ್ಲಿ ಎರಡು ದನ, ಒಂದು ನಾಯಿ, ಲೆಕ್ಕಕ್ಕೆ ಸಿಗದ ಬೆಕ್ಕುಗಳು. ಮೊಲ ಸಾಕಿ ಹಣ ಮಾಡುವ ಆಲೋಚನೆ ಇರಲಿಲ್ಲ. ಮಗುವಿನ ಆಸೆಗೆ ತಂದದ್ದು. ಇಂಥ ಆಸೆಗೆ ಮೊಲ ತರುವ ಮನೆಗಳು ನಮ್ಮ ಕಡೆ ಈಗ ತುಂಬ. ಹಾಗಾಗಿ ನಾನು ಮಾಡಿದ ತಪ್ಪುಗಳನ್ನು ಬರೆಯುತ್ತಿದ್ದೇನೆ.

ಚೌತಿಯ ಮರುದಿನ

ಹಟ್ಟಿಯ ಮಾಡಿಗೆ ತಾಗಿಸಿ ಅಡಿಕೆ ಸಲಾಕೆಯ ಒಂದು ಗೂಡು ಮಾಡಿದೆ. ಮರಿಗಳು ಗರಿಕೆ, ದಾಸವಾಳದ ಎಲೆ ತಿಂದು ಚೆನ್ನಾಗಿ ಬೆಳೆದವು. ಸೆಪ್ಟೆಂಬರಿನಲ್ಲಿ ಚೌತಿಯ ದಿನ ನೋಡುತ್ತೇನೆ, ಒಂದು ಮೊಲ ತನ್ನ ಎದೆಯ ರೋಮವನ್ನು ಬಾಯಿಯಿಂದ ಕಿತ್ತು ಕಿತ್ತು ಮೂಲೆಯಲ್ಲಿ ಗುಡ್ಡೆ ಹಾಕುತ್ತಿದೆ. ಕಜ್ಜಿ ಆಯಿತು ಅಂದುಕೊಂಡು ಬೇವಿನೆಣ್ಣೆ ಹಚ್ಚುವ ಅಂತ ಮಾಡಿದೆ. ಹಬ್ಬದ ಗಡಿಬಿಡಿಯಲ್ಲಿ ಮರೆತುಹೋಯಿತು. ಪುಣ್ಯಕ್ಕೆ ಮರೆತೆ. ಮರುದಿನ ಬೆಳಿಗ್ಗೆ ಆ ರೋಮದ ಗುಡ್ಡೆ ಉಸಿರಾಡುತ್ತಿತ್ತು. ಬಿಡಿಸಿ ನೋಡಿದರೆ ಹೆಬ್ಬೆರಳಿನಷ್ಟು ಉದ್ದದ, ಮೈಯಲ್ಲಿ ಒಂದು ಕೂದಲಿಲ್ಲದ, ಕಣ್ಣು ಬಿಡದ ಆರು ಮರಿಗಳು.

ಒಂದೂವರೆ ತಿಂಗಳ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಪಳಗಿದವರಿಗೂ ಕಷ್ಟ. ಮರಿಯನ್ನು ಅಂಗಾತ ಹಿಡಿದು ಮೂತ್ರದ್ವಾರದ ಬದಿಗಳನ್ನು ಮೆಲ್ಲಗೆ ಒತ್ತಿದರೆ ಗಂಡಿನದು ದುಂಡಗೆ ಕೊಳವೆಯ ಹಾಗೆ ಹೊರಗೆ ಬರುತ್ತದೆ, ಹೆಣ್ಣಿನದು ಉದ್ದ ಸೀಳಿನ ಹಾಗೆ ಕಾಣುತ್ತದೆ. ಒಮ್ಮೆ ನೋಡಿ ಬಿಟ್ಟರೆ ಸಾಲದು. ಎರಡೂವರೆ, ಮೂರು ತಿಂಗಳಲ್ಲಿ ಗಂಡಿನ ಬೀಜ ಕೆಳಗೆ ಇಳಿದಾಗ ಮತ್ತೊಮ್ಮೆ ನೋಡಬೇಕು. ನಾನು ಮಾರುವವನ ಮಾತು ನಂಬಿದ್ದೆ. ಪಾಪ, ಅವನಿಗೂ ಗೊತ್ತಿತ್ತೋ ಇಲ್ಲವೋ.

ತಾಯಿ ಮರಿಗಳ ಹತ್ತಿರ ಸುಳಿಯುವುದೇ ಕಾಣಲಿಲ್ಲ. ಹಾಲು ಕೊಡುವುದಿಲ್ಲ ಎಂದು ಮಗಳು ಅತ್ತಳು. ಆದರೆ ಮೊಲ ಹಾಲೂಡಿಸುವುದು ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ, ಅದೂ ಕೆಲವೇ ನಿಮಿಷ. ಉಳಿದ ಹೊತ್ತು ದೂರವೇ ಇರುತ್ತದೆ. ಗೂಡಿನ ಜಾಗ ಶತ್ರುವಿಗೆ ಗೊತ್ತಾಗದಿರಲು ಹೀಗಂತೆ. ಹತ್ತು ಹನ್ನೆರಡನೇ ದಿನಕ್ಕೆ ಮರಿಗಳು ಕಣ್ಣು ಬಿಟ್ಟವು. ಮನೆಯಲ್ಲಿ ಸಂಭ್ರಮವೋ ಸಂಭ್ರಮ.

ಈ ಸಂಭ್ರಮದಲ್ಲಿ ಗಂಡನ್ನು ಬೇರೆ ಮಾಡಲಿಲ್ಲ. ದನದ ಹಾಗೆ ಇದು ಬೆದೆಗೆ ಬರಲಿ ಎಂದು ಕಾಯುವ ಪ್ರಾಣಿ ಅಲ್ಲ. ಗಂಡು ಕೂಡಿದ ಮೇಲೆಯೇ ಹೆಣ್ಣಿನ ಅಂಡ ಬಿಡುಗಡೆ ಆಗುವುದು. ಮರಿ ಹಾಕಿದ ದಿನವೇ ಪುನಃ ಗಬ್ಬ ಕಟ್ಟಬಲ್ಲದು. ಗಬ್ಬದ ಅವಧಿ 31 ದಿನ, ಒಂದು ದಿನ ಆಚೆ ಈಚೆ. ಲೆಕ್ಕ ತಪ್ಪಲಿಲ್ಲ. ನವರಾತ್ರಿಯ ನಡುವೆ ಏಳು ಮರಿ. ಅಷ್ಟರಲ್ಲಿ ಬುದ್ಧಿ ಬಂದು, ಅದು ಎರಡನೇ ಸಲ ರೋಮ ಕೀಳಲು ಶುರುಮಾಡಿದಂದೇ ಗಂಡನ್ನು ಬೇರೆ ಗೂಡಿಗೆ ಹಾಕಿದ್ದೆ. ಈ ಏಳರಲ್ಲಿ ಮೂರು ಮರಿಗಳನ್ನು ಒಂದೇ ರಾತ್ರಿ ಇರುವೆ ತಿಂದು ಮುಗಿಸಿತು.

ಶಾಲೆಯ ಮಾಸ್ತರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕು ಒಂದು ಹಳೆಯ ಲೆಕ್ಕ ಹೇಳಿದರು. ಇಟಲಿಯ ಫಿಬೊನಾಚಿ 1202ರ ತನ್ನ ಪುಸ್ತಕದಲ್ಲಿ ಕೇಳಿದ ಪ್ರಶ್ನೆಯಂತೆ: ಒಂದು ಜೋಡಿ ಮೊಲ ತಿಂಗಳಿಗೊಂದು ಜೋಡಿ ಹಾಕುತ್ತ ಹೋದರೆ, ಆ ಜೋಡಿಗಳೂ ಬೆಳೆದು ಹಾಕಿದರೆ, ವರ್ಷಕ್ಕೆ ಎಷ್ಟು? ಉತ್ತರ 377 ಜೋಡಿ. ಅವನು ಒಂದು ಸಲಕ್ಕೆ ಎರಡೇ ಮರಿ ಎಂದು ಲೆಕ್ಕ ಹಿಡಿದಿದ್ದ. ನಮ್ಮ ಮೊಲ ಅವನ ಪುಸ್ತಕ ಓದಿರಲಿಲ್ಲ.

ಹತ್ತು ಮೊಲ ಎಲ್ಲಿಗೆ ಹೋದವು

ಡಿಸೆಂಬರಿನ ಒಂದು ಬೆಳಿಗ್ಗೆ ತಾಯಿಮೊಲ ಇರಲಿಲ್ಲ. ಅದರ ಗೂಡಿನಲ್ಲಿ ಹೆಬ್ಬಾವು ಸುರುಳಿ ಸುತ್ತಿ ಮಲಗಿತ್ತು. ಸಲಾಕೆಯ ಸಂದಿನಿಂದ ಒಳಗೆ ಬಂದದ್ದು, ನುಂಗಿದ ಮೇಲೆ ಹೊಟ್ಟೆ ಉಬ್ಬಿ ಅದೇ ಸಂದಿನಿಂದ ಹೊರಗೆ ಹೋಗಲಾಗದೆ ಸಿಕ್ಕಿಬಿದ್ದಿತ್ತು. ಅರಣ್ಯ ಇಲಾಖೆಯವರು ಬಂದು ಕೊಂಡುಹೋದರು. ಮೊಲದ ಗೂಡಿಗೆ ಅರ್ಧ ಇಂಚಿನ ದಪ್ಪ ತಂತಿಬಲೆ, ಅಡಿಭಾಗಕ್ಕೂ ಸೇರಿಸಿ, ಹೊಡೆಯಲೇಬೇಕು ಎಂದು ಅಂದು ಗೊತ್ತಾಯಿತು. ಬರೇ ಸಲಾಕೆ ಮೊಲ ಹೊರಗೆ ಹೋಗದಂತೆ ತಡೆಯುತ್ತದೆ, ಹಾವು ಒಳಗೆ ಬಾರದಂತೆ ತಡೆಯುವುದಿಲ್ಲ.

ಜನವರಿಯಲ್ಲಿ ಮೊದಲ ಸೂಲಿನ ಗಂಡುಗಳು ಜಗಳ ಶುರುಮಾಡಿದವು. ಒಟ್ಟಿಗೇ ಹುಟ್ಟಿ ಒಟ್ಟಿಗೇ ಮಲಗುತ್ತಿದ್ದ ಅಣ್ಣತಮ್ಮಂದಿರು. ನಾಲ್ಕು ತಿಂಗಳು ತುಂಬಿದ್ದೇ ತಡ, ಒಂದನ್ನೊಂದು ಅಟ್ಟಿಸಿಕೊಂಡು ಹೋಗಿ ಹೊಟ್ಟೆಗೆ ಹಿಂಗಾಲಿನಿಂದ ಒದೆಯುವುದು, ಕಚ್ಚುವುದು. ಒಂದರ ಬೀಜದ ಚೀಲವೇ ಹರಿದಿತ್ತು. ಡಾಕ್ಟ್ರು ಹೊಲಿಗೆ ಹಾಕಿದರು. ಗಂಡುಮೊಲಗಳು ಜಗಳದಲ್ಲಿ ಗುರಿ ಇಡುವುದೇ ಅಲ್ಲಿಗೆ ಎಂದು ಹೇಳಿದರು.

ಉಳಿದ 11ರಲ್ಲಿ ಹತ್ತನ್ನು ಹಂಚಿದೆ. ಎರಡು ಒಂದು ಮನೆಗೆ, ಮೂರು ಇನ್ನೊಂದಕ್ಕೆ, ಹೀಗೆ. ಒಬ್ಬರು "ಮಕ್ಕಳಿಗೆ ಸಾಕ್ಲಿಕ್ಕೆ" ಎಂದು ನಾಲ್ಕು ಕೊಂಡುಹೋದರು. ಹದಿನೈದು ದಿನ ಕಳೆದು ಪೇಟೆಯಲ್ಲಿ ಸಿಕ್ಕಿದಾಗ ಹೇಗಿವೆ ಎಂದು ಕೇಳಿದೆ. ಅವರು ಬೇರೆ ಮಾತು ತೆಗೆದರು. ನನಗೆ ಅರ್ಥವಾಯಿತು. ಮಾಂಸಕ್ಕೆ ಸಾಕುವವರನ್ನು ನಾನು ದೂರುವುದಿಲ್ಲ, ಅದು ಅವರವರ ಊಟ. ಆದರೆ ನನ್ನ ಮಗಳು ಹೆಸರಿಟ್ಟ ಮೊಲಗಳವು. ಅವಳು ಆಗಾಗ ಕೇಳುತ್ತಿದ್ದಳು, "ಅಪ್ಪ, ಅವು ನಾಲ್ಕು ಈಗ ಎಷ್ಟಾಗಿರಬಹುದು?"

ಹೆಚ್ಚಾದದ್ದನ್ನು ಗುಡ್ಡೆಗೆ ಬಿಡಿ ಎಂದವರೂ ಇದ್ದರು. ಸಾಕುಮೊಲಕ್ಕೆ ನಮ್ಮ ಗುಡ್ಡೆಯಲ್ಲಿ ಒಂದು ರಾತ್ರಿ ಬದುಕಲು ಬರುವುದಿಲ್ಲ, ನಾಯಿ ನರಿಗಳಿಗೆ ತುತ್ತಾಗುತ್ತದೆ. ಬದುಕಿಕೊಂಡರೆ ಇನ್ನೂ ಕಷ್ಟ. 1859ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಶೋಕಿಗೆ ಎರಡು ಡಜನಿನಷ್ಟು ಮೊಲ ತರಿಸಿ ಬಿಟ್ಟದ್ದರ ಫಲವನ್ನು ಅಲ್ಲಿಯ ರೈತರು ಇಂದಿಗೂ ಉಣ್ಣುತ್ತಿದ್ದಾರೆ.

ಅಪ್ಪನ ವಾದ

ನಾವು ಇಟ್ಟುಕೊಂಡದ್ದು ಮೊದಲ ಸೂಲಿನ ಒಂದು ಹೆಣ್ಣು, ಬೆಳ್ಳಿ. ಒಂಟಿಯಾದರೆ ಕೊರಗುತ್ತದೆಯೇ ಎಂಬ ಪ್ರಶ್ನೆ ಬಂದಾಗ ಅಪ್ಪ ಹೇಳಿದರು, "ಗುಡ್ಡೆಯ ಮೊಲವನ್ನು ಯಾವಾಗಲಾದ್ರೂ ಹಿಂಡಿನಲ್ಲಿ ನೋಡಿದ್ದಿಯಾ? ಅದು ಒಂಟಿಯೇ ಇರುವ ಜಾತಿ." ನನಗೂ ಸರಿ ಕಂಡಿತು.

ಈ ವಾದ ತಪ್ಪು. ನಮ್ಮ ಗುಡ್ಡೆಯ ಮೊಲವೇ ಬೇರೆ, ಸಾಕುಮೊಲವೇ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಇರುವುದರಿಂದ ಈ ಗೊಂದಲ. ಕಾಡುಮೊಲ ನೆಲದ ಮೇಲೆ ಪೊದೆಯ ಮರೆಯಲ್ಲಿ ಒಂಟಿಯಾಗಿ ಬದುಕುತ್ತದೆ. ಅದರ ಮರಿಗೆ ಹುಟ್ಟುವಾಗಲೇ ಮೈತುಂಬ ರೋಮ, ತೆರೆದ ಕಣ್ಣು. ಅದನ್ನು ಹಿಡಿದು ಸಾಕುವಂತೆಯೂ ಇಲ್ಲ, 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಸಾಕುಮೊಲದ ಮೂಲ ಸ್ಪೇನ್ ಕಡೆಯದು. ಅವು ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬದುಕುತ್ತವೆ. ಒಂದು ಹಿಂಗಾಲು ಬಡಿದರೆ ಉಳಿದವೆಲ್ಲ ಬಿಲ ಸೇರುತ್ತವೆ. ಒಂದರ ಮುಖ ಇನ್ನೊಂದು ನೆಕ್ಕಿ ಸ್ವಚ್ಛ ಮಾಡುತ್ತವೆ. ಎಷ್ಟೋ ತಲೆಮಾರು ಮನುಷ್ಯರ ಕೈಯಲ್ಲಿ ಬೆಳೆದರೂ ಆ ಗುಣ ಹೋಗಿಲ್ಲ.

ಫಾರ್ಮಿನಲ್ಲಿ ಒಂದು ಗೂಡಿಗೆ ಒಂದೇ ಮೊಲ ಇಡುತ್ತಾರಲ್ಲ ಎಂದು ಕೇಳಬಹುದು. ಹೌದು. ಸೋವಿಯತ್ ಚಿಂಚಿಲಾ, ವೈಟ್ ಜೈಂಟ್ ಮುಂತಾದವನ್ನು ಮಾಂಸಕ್ಕೆ ಸಾಕುವವರು ಬಲಿತ ಮೊಲಗಳನ್ನು ಹಾಗೆಯೇ ಇಡುವುದು. ಜಗಳ ಆಗಬಾರದು, ಯಾವುದು ಯಾವಾಗ ಗಬ್ಬ ಎಂಬ ಲೆಕ್ಕ ತಪ್ಪಬಾರದು ಎಂಬ ಕಾರಣಕ್ಕೆ. ಆದರೆ ಅಲ್ಲಿ ಆಚೆ ಈಚೆ ಗೂಡುಗಳಲ್ಲಿ ಬೇರೆ ಮೊಲ ಇರುತ್ತವೆ, ಕಾಣುತ್ತವೆ, ವಾಸನೆ ಸಿಗುತ್ತದೆ. ಹಟ್ಟಿಯ ಮೂಲೆಯಲ್ಲಿ ಒಂದೇ ಒಂದು ಮೊಲ ವರ್ಷಗಟ್ಟಲೆ ಇರುವುದು ಬೇರೆ ಸಂಗತಿ.

ಮಗಳು ಹಾಸ್ಟೆಲಿಗೆ ಹೋದಳು

ಬೆಳ್ಳಿ ಆರು ವರ್ಷ ಒಂಟಿ ಇತ್ತು. ಕೊರಗಲಿಲ್ಲ ಎಂದೇ ಹೇಳಬೇಕು, ಯಾಕೆಂದರೆ ಮಗಳೇ ಅದಕ್ಕೆ ಜೊತೆ. ಶಾಲೆಯಿಂದ ಬಂದ ಕೂಡಲೇ ಗೂಡು ತೆರೆಯುವಳು. ಜಗಲಿಯಲ್ಲಿ ಅವಳು ಬರೆಯುತ್ತಿದ್ದರೆ ಅದು ಅವಳ ಕಾಲಿನ ಸುತ್ತ ಓಡುತ್ತಿತ್ತು, ಕೈ ನೆಕ್ಕುತ್ತಿತ್ತು. ವರ್ಷಕ್ಕೆ ಒಂದೆರಡು ಸಲ ಗಂಡಿಲ್ಲದೆಯೂ ಎದೆಯ ರೋಮ ಕಿತ್ತು ಗೂಡು ಮಾಡುತ್ತಿತ್ತು. ಇದು ಸುಳ್ಳು ಗಬ್ಬ, ಹದಿನೈದು ಇಪ್ಪತ್ತು ದಿನದಲ್ಲಿ ಸರಿಯಾಗುತ್ತದೆ.

2022ರಲ್ಲಿ ಮಗಳು ಹತ್ತನೇ ಕ್ಲಾಸು ಮುಗಿಸಿ ಪಿಯುಸಿಗೆ ಮಂಗಳೂರಿನ ಹಾಸ್ಟೆಲಿಗೆ ಹೋದಳು. ಮೊಲದ ಆಯುಷ್ಯ ಎಂಟು ಹತ್ತು ವರ್ಷ ಎಂದು ನಾವು ಯಾರೂ ಲೆಕ್ಕ ಹಾಕಿರಲಿಲ್ಲ. ಒಂಬತ್ತು ವರ್ಷದ ಮಗುವಿಗೆ ಮೊಲ ತಂದರೆ ಅದು ಮುದಿಯಾಗುವಾಗ ಮಗು ಮನೆಯಲ್ಲಿ ಇರುವುದಿಲ್ಲ. ಸರಳ ಕೂಡು ಲೆಕ್ಕ. ಅಡಿಕೆ ಸಸಿ ನೆಡುವಾಗ ಹತ್ತು ವರ್ಷ ಮುಂದೆ ಆಲೋಚಿಸುವ ನಮಗೆ ಇದು ಹೊಳೆಯಲಿಲ್ಲ.

ನನಗೆ ತೋಟದ ಕೆಲಸ, ಮದ್ದು ಬಿಡುವ ಸಮಯ. ಮನೆಯವಳಿಗೆ ಅಡುಗೆ, ಹಟ್ಟಿ. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕುತ್ತಿದ್ದೆವು, ಅಷ್ಟೆ. ಹುಲ್ಲು ಕೊಯ್ಯಲು ಸಮಯವಿಲ್ಲದ ದಿನ ದನದ ಹಿಂಡಿ ಒಂದು ಹಿಡಿ. ಬೆಳ್ಳಿ ಮೂಲೆಯಲ್ಲಿ ಕೂತೇ ಇರತೊಡಗಿತು. ರಾತ್ರಿ ಸಲಾಕೆ ಕಡಿಯುವ ಶಬ್ದ. ಸಂಜೆ ಶಾಲೆ ವ್ಯಾನಿನ ಹಾರ್ನು ಕೇಳಿದರೆ ಮಾತ್ರ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ವ್ಯಾನಿನಲ್ಲಿ ಬರುವುದು ಬೇರೆ ಮನೆಯ ಮಕ್ಕಳು.

ನವೆಂಬರಿನಲ್ಲಿ ಎರಡು ದಿನ ಮದುವೆಗೆ ಹೋಗಿ ಬಂದಾಗ ಹಾಕಿದ ಸೊಪ್ಪು ಹಾಗೆಯೇ ಒಣಗಿತ್ತು. ಗೂಡಿನಡಿ ಹಿಕ್ಕೆ ಇಲ್ಲ. ಮೊಲ ಅರ್ಧ ದಿನ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಅದು ತುರ್ತು. ಕರುಳು ನಿಂತುಹೋಗುತ್ತದೆ, ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಡಾಕ್ಟ್ರು ಚರ್ಮದಡಿ ಗ್ಲೂಕೋಸು ನೀರು, ಇಂಜೆಕ್ಷನು ಕೊಟ್ಟರು. ಮೂರು ದಿನ ಸಿರಿಂಜಿನಲ್ಲಿ ಅರೆದ ಸೊಪ್ಪು ಕುಡಿಸಿದೆವು. ನಾಲ್ಕನೇ ದಿನ ಹಿಕ್ಕೆ ಹಾಕಿತು. ಮನೆಯಲ್ಲಿ ಹಿಕ್ಕೆ ಕಂಡು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಒಂಟಿತನವೇ ಕಾರಣ ಎಂದು ನಾನು ಹೇಳುವಂತಿಲ್ಲ. ಡಾಕ್ಟ್ರು ಮೊದಲು ಬೈದದ್ದು ಹಿಂಡಿಗೆ. "ನಿಮ್ಮ ಮೊಲಕ್ಕೆ ಬೇಕಾದ್ದು ಹುಲ್ಲು, ಹುಲ್ಲು, ಹುಲ್ಲು. ಮೇಲಿಂದ ಸ್ವಲ್ಪ ಸೊಪ್ಪು. ಹಿಂಡಿ ನಿಮ್ಮ ಸುಲಭಕ್ಕೆ ಹಾಕುವುದು" ಎಂದರು. ಆಮೇಲೆ, "ಒಂದು ಜೊತೆಯನ್ನೂ ನೋಡಿ, ಬೀಜ ತೆಗೆದ ಗಂಡು ಆಗಬಹುದು" ಎಂದರು. ಜಾತ್ರೆಯವನ ಮಾತು ನೆನಪಾಯಿತು.

ಬೀಜ ತೆಗೆಸಿದ ಗಂಡು

ಪುತ್ತೂರಿನ ಪರಿಚಯದ ಮನೆಯೊಂದರಲ್ಲಿ ಎರಡೂವರೆ ವರ್ಷದ ಕಪ್ಪು ಗಂಡು ಇತ್ತು. ಮಕ್ಕಳಿಗೆ ಬೇಸರ ಬಂದಿತ್ತು. 2023ರ ಜನವರಿಯಲ್ಲಿ ಕರಿಯ ನಮ್ಮ ಮನೆಗೆ ಬಂದ. ಬೀಜ ತೆಗೆಯುವುದು ಎಲ್ಲ ಪಶುವೈದ್ಯರೂ ಮಾಡುವುದಿಲ್ಲ. ಮೊಲಕ್ಕೆ ಮಂಪರು ಕೊಡುವುದು ನಾಯಿಗಿಂತ ನಾಜೂಕು. ಮೊದಲು ಮಾಡಿದ ಅನುಭವ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ನಾಯಿಯ ಹಾಗೆ ಹಿಂದಿನ ರಾತ್ರಿ ಉಪವಾಸ ಹಾಕಬಾರದು. ನನಗೆ ಖರ್ಚಾದದ್ದು 1,500 ರೂಪಾಯಿ. ಮೊಲಕ್ಕೆ ಕೊಟ್ಟ ಹಣಕ್ಕಿಂತ ಹೆಚ್ಚು ಎಂದು ನಗುವವರಿದ್ದರು. ಹದಿಮೂರು ಮರಿ ಹುಟ್ಟಿದಾಗ ಅವರು ಬಂದಿರಲಿಲ್ಲ.

ಮದ್ದಿನ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಮೊಲಕ್ಕೆ ಅಮಾಕ್ಸಿಸಿಲಿನ್‌ನಂಥ ಮದ್ದನ್ನು ಬಾಯಿಯಿಂದ ಕೊಡಬಾರದು, ಕರುಳು ಕೆಟ್ಟು ಸಾಯುತ್ತದೆ. ನಾಯಿಯ ಉಣ್ಣಿಗೆ ಹಾಕುವ ಫಿಪ್ರೋನಿಲ್ ಕೂಡ ಮೊಲಕ್ಕೆ ವಿಷ. ಮನೆಯಲ್ಲಿ ಉಳಿದ ಮದ್ದು ಹಾಕಿ ನೋಡುವ ನಮ್ಮ ಅಭ್ಯಾಸ ಇಲ್ಲಿ ಬೇಡ.

ಬೀಜ ತೆಗೆದ ಕೂಡಲೇ ಹೆಣ್ಣಿನ ಜೊತೆ ಬಿಡುವಂತಿಲ್ಲ. ಕೆಲವು ವಾರ ಅದಕ್ಕೆ ಗಬ್ಬ ಕಟ್ಟಿಸುವ ಶಕ್ತಿ ಉಳಿದಿರುತ್ತದೆ. ನಾವು ಆರು ವಾರ ಕಾದೆವು. ಎರಡು ಗೂಡನ್ನು ಮೂಗು ಕಚ್ಚಲು ಸಿಗದಷ್ಟು ದೂರದಲ್ಲಿ, ಒಂದಕ್ಕೊಂದು ಕಾಣುವ ಹಾಗೆ ಇಟ್ಟೆವು. ಒಂದರ ಬೈಹುಲ್ಲು ಇನ್ನೊಂದರ ಗೂಡಿಗೆ ಹಾಕುತ್ತಿದ್ದೆವು, ವಾಸನೆ ಅಭ್ಯಾಸ ಆಗಲಿ ಎಂದು. ಆಮೇಲೆ ಎರಡಕ್ಕೂ ಹೊಸ ಜಾಗವಾದ ತೆಂಗಿನಕಾಯಿ ಕೋಣೆಯಲ್ಲಿ ದಿನಕ್ಕೆ ಕಾಲು ಗಂಟೆ ಬಿಟ್ಟೆವು. ಹೆಣ್ಣಿನ ಗೂಡಿಗೇ ಗಂಡನ್ನು ಹಾಕಿದರೆ ಅದು ತನ್ನ ಜಾಗಕ್ಕಾಗಿ ಕಾದಾಡುತ್ತದೆ. ಮೊದಲ ದಿನ ಬೆಳ್ಳಿ ಕರಿಯನನ್ನು ಓಡಿಸಿ ಓಡಿಸಿ ರೋಮ ಹಾರಿಸಿತು. ನಾನು ಹಳೆಯ ಅಡಿಕೆ ಹಾಳೆ ಹಿಡಿದು ನಡುವೆ ಅಡ್ಡ ನಿಂತದ್ದೇ ನಿಂತದ್ದು. ಐದನೇ ದಿನ ಒಂದಕ್ಕೊಂದು ಬೆನ್ನು ಹಾಕಿ ಕೂತವು. ಹನ್ನೆರಡನೇ ದಿನ ಹೋಗಿ ನೋಡುವಾಗ ಕರಿಯ ತಲೆ ತಗ್ಗಿಸಿ ಕೂತಿದ್ದಾನೆ, ಬೆಳ್ಳಿ ಅವನ ಕಿವಿ ನೆಕ್ಕುತ್ತಿದೆ. ಮಗಳಿಗೆ ಫೋನು ಮಾಡಿದೆ. ಅವಳು ಏನೂ ಹೇಳಲಿಲ್ಲ. ಮೂಗು ಎಳೆದ ಶಬ್ದ ಕೇಳಿತು.

ಆಮೇಲೆ ಹತ್ತು ಅಡಿ ಉದ್ದ, ಆರೂವರೆ ಅಡಿ ಅಗಲದ ಹೊಸ ಗೂಡು ಮಾಡಿದೆ. ಬ್ರಿಟನ್ನಿನ ಮೊಲ ಸಾಕುವವರ ಸಂಘವೊಂದು ಎರಡು ಮೊಲಕ್ಕೆ ಕನಿಷ್ಠ ಇಷ್ಟು ಜಾಗ ಬೇಕೆನ್ನುತ್ತದೆ. ಒಳಗೆ ಎರಡು ಮರದ ಪೆಟ್ಟಿಗೆ, ಪ್ರತಿಯೊಂದಕ್ಕೂ ಎರಡು ಬಾಗಿಲು. ಒಂದು ಬಾಗಿಲಾದರೆ ಜಗಳದಲ್ಲಿ ಸೋತದ್ದು ಒಳಗೆ ಸಿಕ್ಕಿಬೀಳುತ್ತದೆ. ಏಪ್ರಿಲಿನ ಸೆಕೆಗೆ ಒದ್ದೆ ಗೋಣಿ ಇಳಿಬಿಡುತ್ತೇನೆ, ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡುತ್ತೇನೆ. ಮೊಲಕ್ಕೆ ಚಳಿಗಿಂತ ಸೆಕೆಯೇ ಯಮ.

ಎರಡಾದರೆ ಖರ್ಚು, ಕೆಲಸ ಎರಡು ಪಟ್ಟು ಆಗುವುದಿಲ್ಲ. ಗುಡಿಸುವುದು ಒಂದೇ ಗೂಡು. ಹುಲ್ಲು ಒಂದು ಹಿಡಿ ಹೆಚ್ಚು ಕೊಯ್ದರಾಯಿತು. ಗರಿಕೆ, ಗಿನಿ ಹುಲ್ಲು, ದಾಸವಾಳ, ಹಾಲುವಾಣದ ಸೊಪ್ಪು ನಮ್ಮ ಬೇಲಿಯಲ್ಲೇ ಉಂಟು. ಸುಬಾಬುಲ್ ಹೆಚ್ಚು ಹಾಕಿದರೆ ರೋಮ ಉದುರುತ್ತದೆ. ಮರಗೆಣಸಿನ ಹಸಿ ಎಲೆ ಬೇಡ. ಹಿಕ್ಕೆಯನ್ನು ಹಾಗೆಯೇ ಬಸಳೆ ಬುಡಕ್ಕೆ ಹಾಕುತ್ತೇನೆ, ಕೋಳಿಗೊಬ್ಬರದ ಹಾಗೆ ಸುಡುವುದಿಲ್ಲ.

ಹಾಗಾದರೆ ಒಂದೋ, ಎರಡೋ? ನನ್ನನ್ನು ಕೇಳಿದರೆ ಎರಡು, ಆದರೆ ಗಂಡಿನ ಬೀಜ ತೆಗೆಸಿ ಮಾತ್ರ. ಹತ್ತಿರದಲ್ಲಿ ಅದನ್ನು ಮಾಡುವ ಡಾಕ್ಟ್ರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಮೊಲ ತನ್ನಿ. ಇಲ್ಲದಿದ್ದರೆ ಒಂದೇ ಸೂಲಿನ ಎರಡು ಹೆಣ್ಣು. ಅಕ್ಕತಂಗಿಯರಾದರೂ ಬಲಿತ ಮೇಲೆ ಜಗಳ ಆಡಬಹುದು, ಇನ್ನೊಂದು ಗೂಡು ತಯಾರಿಟ್ಟುಕೊಳ್ಳಿ. ಎರಡು ಗಂಡುಗಳನ್ನು ಹಾಗೇ ಒಟ್ಟಿಗೆ ಇಡಲೇಬೇಡಿ. ಜೊತೆಗೆ ಗಿನಿಪಿಗ್ ಬಿಡಿ ಎಂದು ಅಂಗಡಿಯವರು ಹೇಳುವುದುಂಟು. ಮೊಲ ಒಂದು ಸಲ ಒದ್ದರೆ ಅದು ತಾಳುವುದಿಲ್ಲ, ಎರಡರ ಆಹಾರವೂ ಒಂದಲ್ಲ. ದಿನವಿಡೀ ಮನೆಯಲ್ಲಿರುವ, ಮೊಲವನ್ನು ಒಳಗೇ ಓಡಾಡಲು ಬಿಡುವ ಹಿರಿಯರು ಇದ್ದರೆ ಒಂದೂ ಆದೀತು. ಹಟ್ಟಿಯ ಮೂಲೆಗೆ ಒಂದು ಎಂದಾದರೆ ತರದಿರುವುದೇ ವಾಸಿ.

ಬೆಳ್ಳಿ 2024ರ ಆಗಸ್ಟಿನಲ್ಲಿ ಸತ್ತಿತು. ಒಂಬತ್ತು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಗುತ್ತಿತ್ತು. ಗರ್ಭಕೋಶ ತೆಗೆಯದ ಹೆಣ್ಣುಮೊಲಗಳಿಗೆ ವಯಸ್ಸಾದಾಗ ಗರ್ಭಕೋಶದ ಕ್ಯಾನ್ಸರ್ ಬರುವುದು ಸಾಮಾನ್ಯ ಎಂದು ಡಾಕ್ಟ್ರು ಹೇಳಿದರು. ಎಳೆ ಪ್ರಾಯದಲ್ಲೇ ಆಪರೇಶನ್ ಮಾಡಿಸಿದ್ದರೆ ತಪ್ಪುತ್ತಿತ್ತು. ಅದೂ ನಾನು ತಡವಾಗಿ ಕಲಿತದ್ದು. ಸತ್ತ ಮೇಲೆ ಸ್ವಲ್ಪ ಹೊತ್ತು ಕರಿಯನ ಹತ್ತಿರವೇ ಇಟ್ಟೆವು. ಅವನು ಎರಡು ಸಲ ಕಿವಿ ನೆಕ್ಕಿದ, ಆಚೆ ಹೋಗಿ ಕೂತ.

ಈಗ ಅವನು ಒಂಟಿ. ಹುಲ್ಲು ತಿನ್ನುತ್ತಾನೆ, ಆದರೆ ಬೇಗ ಬೇಗ ಅಲ್ಲ. ಎಳೆಯ ಮರಿ ತಂದರೆ ಅದರ ಕೊನೆಗಾಲಕ್ಕೆ ಪುನಃ ಇದೇ ಪ್ರಶ್ನೆ ಎದುರಾಗುತ್ತದೆ, ಸರಪಳಿ ಮುಗಿಯುವುದಿಲ್ಲ. ಅವನ ಪ್ರಾಯದ್ದೇ ಒಂದು ಹೆಣ್ಣು ಬೇಕಾಗಿದೆ. ಮಕ್ಕಳು ಕಲಿಯಲು ಹೋಗಿ ಹಟ್ಟಿಯಲ್ಲಿ ಒಂಟಿ ಉಳಿದ ಹೆಣ್ಣುಮೊಲ ನಿಮ್ಮ ಮನೆಯಲ್ಲಿ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಸುಳ್ಯ, ಪುತ್ತೂರು, ಬಂಟ್ವಾಳದ ಒಳಗಾದರೆ ನಾನೇ ಬುಟ್ಟಿ ಹಿಡಿದುಕೊಂಡು ಬರುತ್ತೇನೆ.